ಧರೆ ಟೀಚರ್

ಹೋದ ವಾರ ಮೂಡಿಗೆರೆ ಪೇಟೆಯಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಘಟ್ಟದ ಕೆಳಗಿನಿಂದ ಬಂದಿದ್ದ ಮೀನಿನ ಗಾಡಿಯವನು ವ್ಯಾಪಾರ ಮುಗಿಸಿ, ಪೆಟ್ಟಿಗೆಯಲ್ಲಿ ಉಳಿದ ಐಸನ್ನು ರಸ್ತೆ ಬದಿಗೆ ಸುರಿದು ಹೊರಟುಹೋದ. ಅಂಗೈಯಗಲದ ಒಂದು ತುಂಡು ಜಾರುತ್ತ ಬಂದು ನನ್ನ ಚಪ್ಪಲಿಯ ಹತ್ತಿರ ನಿಂತಿತು. ಅದರ ಅಡಿಯಲ್ಲಿ ರಸ್ತೆಯ ಮರಳು ಕಚ್ಚಿಕೊಂಡಿತ್ತು. ಮೀನಿನ ವಾಸನೆ, ಅದರ ಜೊತೆಗೇ ಮೇಲೇಳುವ ತಣ್ಣನೆಯ ಹಬೆ... ಪಕ್ಕದಲ್ಲಿದ್ದವರು ಮೂಗಿಗೆ ಸೆರಗು ಹಿಡಿದು ದೂರ ಸರಿದರು. ನಾನು ಸರಿಯಲಿಲ್ಲ. ಆ ತುಂಡು ಕರಗಿ ಮರಳು ಮಾತ್ರ ಉಳಿಯುವವರೆಗೆ ಅಲ್ಲೇ ನೋಡುತ್ತ ನಿಂತಿದ್ದೆ. ಬಸ್ಸು ತಪ್ಪಿಹೋಯಿತು.

ಮೀನಿನ ಗಾಡಿಯಿಂದ ಅಂಥದ್ದೇ ಐಸಿನ ದೊಡ್ಡ ಗಟ್ಟಿಯೊಂದನ್ನು ಕೇಳಿ ಪಡೆದು, ಗೋಣಿಚೀಲದಲ್ಲಿ ಸುತ್ತಿ, ಸೀರೆ ಒದ್ದೆಯಾಗುತ್ತಿದ್ದರೂ ಲೆಕ್ಕಿಸದೆ ಹತ್ತನೇ ಕ್ಲಾಸಿನೊಳಗೆ ಹೊತ್ತುಕೊಂಡು ಹೋದ ಒಬ್ಬರು ನನ್ನ ಜೊತೆ ಕೆಲಸ ಮಾಡಿದ್ದರು.

ಆಗ ನಾನು ಮೂಡಿಗೆರೆಯಿಂದ ಕಳಸಕ್ಕೆ ಹೋಗುವ ದಾರಿಯ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳುತ್ತಿದ್ದೆ. ಊರಿನ ಹೆಸರು ಬೇಡ. ಕೆಲಸಕ್ಕೆ ಸೇರಿ ವರ್ಷವೂ ಆಗಿರಲಿಲ್ಲ. ಅವರು ಸಮಾಜ ವಿಜ್ಞಾನದವರು, ಐವತ್ತು ದಾಟಿದವರು, ಒಂಟಿಯಾಗಿದ್ದವರು. ನಮ್ಮ ಕಡೆ ಪಾಠ ಹೇಳುವ ಹೆಂಗಸರನ್ನು ಮಕ್ಕಳು ಮೇಡಂ ಅನ್ನುತ್ತಾರೆ. ಅವರು ಕರಾವಳಿಯವರು. "ಮೇಡಂ ಅಂದ್ರೆ ನನಗೆ ಬೇರೆ ಯಾರನ್ನೋ ಕರೆದ ಹಾಗೆ ಆಗ್ತದೆ ಮಾರ್ರೆ, ಟೀಚರ್ ಅಂತಲೇ ಹೇಳಿ" ಎಂದು ಬಂದ ದಿನವೇ ಹೇಳಿದ್ದರಂತೆ. ಹಾಗಾಗಿ ಇಡೀ ಊರಿಗೆ ಅವರು ಟೀಚರ್. ಮಳೆಗಾಲದಲ್ಲಿ ಎಸ್ಟೇಟಿನ ಆಳುಗಳು ಹಾಕುವ ಗಂಬೂಟನ್ನು ಸೀರೆಯ ಕೆಳಗೆ ಹಾಕಿಕೊಂಡು ಧಡಧಡ ನಡೆಯುತ್ತಿದ್ದರು. ಯಾರಾದರೂ ನಕ್ಕರೆ ನಿಂತು, "ನಿಮ್ಮ ಕಾಲಿಗೆ ಜಿಗಣೆ ಎಷ್ಟು ಹತ್ತಿದ್ದಾವೆ, ನೋಡಿ" ಎನ್ನುತ್ತಿದ್ದರು. ನಕ್ಕವರು ಬಗ್ಗಿ ನೋಡಿಕೊಳ್ಳುತ್ತಿದ್ದರು.

ನಾನೂ ಅವರೂ ಒಂದೇ ಬಾಡಿಗೆ ಮನೆಯಲ್ಲಿದ್ದೆವು. ಎರಡು ಕೋಣೆ, ನಡುವೆ ಒಂದು ಅಡುಗೆಮನೆ.

ಐಸಿನ ಪಾಠ ನಡೆದದ್ದು ಒಂದು ಜನವರಿಯಲ್ಲಿ. ಹಿಮನದಿ ಬೆಟ್ಟವನ್ನು ಹೇಗೆ ಕೆತ್ತುತ್ತದೆ ಎಂಬುದು ಪುಸ್ತಕದಲ್ಲಿತ್ತು. ಹಿಮವನ್ನೇ ಕಾಣದ ಮಕ್ಕಳಿಗೆ ಬಾಯಲ್ಲಿ ಹೇಳಿ ಏನು ಪ್ರಯೋಜನ ಎಂದು ಅವರು ಮೀನಿನವನ ಹತ್ತಿರ ಒಂದು ಗಟ್ಟಿ ಐಸು ಹೇಳಿಟ್ಟಿದ್ದರು. ನಾನು ಕುತೂಹಲಕ್ಕೆ ಬಾಗಿಲಲ್ಲಿ ನಿಂತೆ. ಮೇಜಿನ ಮೇಲೆ ಬಟ್ಟೆ ಒಗೆಯುವ ನೀಲಿ ಬಾರ್ ಸೋಪನ್ನು ಸಾಲಾಗಿ ಜೋಡಿಸಿ, ಐಸಿನ ಗಟ್ಟಿಯನ್ನು ಮರಳಿನ ಮೇಲೆ ಒತ್ತಿ ಎತ್ತಿ, ಸೋಪಿನ ಮೇಲೆ ನಿಧಾನಕ್ಕೆ ಎಳೆದರು. ಮರಳು ಕಚ್ಚಿದ್ದ ಕಡೆಯೆಲ್ಲ ಸೋಪಿನ ಮೇಲೆ ಗೀರು ಬಿತ್ತು. "ಕೆತ್ತಿದ್ದು ಐಸಾ, ಮರಳಾ?" ಎಂದು ಕೇಳಿದರು. ಮಕ್ಕಳಲ್ಲಿ ಎರಡು ಪಕ್ಷವಾಯಿತು. ಜಗಳ ನಡೆಯುತ್ತಿರುವಾಗಲೇ ಹೆಡ್‌ಮಾಸ್ಟರು ಬಂದರು. ಅವರು ಮೀನು ಮುಟ್ಟುವವರಲ್ಲ. "ಇದೇನು ಟೀಚರ್, ಕ್ಲಾಸ್‌ ರೂಮಾ, ಮೀನು ಮಾರ್ಕೆಟ್ಟಾ?" ಎಂದರು. "ಇವತ್ತು ಹಿಮಾಲಯ ಸರ್. ನಾಳೆ ತೊಳೆದು ಕೊಡ್ತೇನೆ" ಎಂದರು ಅವರು. ಮಕ್ಕಳು ಬೆಂಚಿನ ಕೆಳಗೆ ತಲೆ ತಗ್ಗಿಸಿ ನಕ್ಕರು.

ಒಬ್ಬ ಹುಡುಗಿ ಎದ್ದು, ನಮ್ಮ ಗುಡ್ಡಗಳನ್ನೂ ಹಿಮವೇ ಕೆತ್ತಿದ್ದಾ ಎಂದು ಕೇಳಿದಳು. ಇಲ್ಲ, ಇಲ್ಲಿಗೆ ಹಿಮ ಬರಲೇ ಇಲ್ಲ, ಇಲ್ಲಿ ಕೆಲಸ ಮಾಡಿದ್ದು ಬಿಸಿಲು ಮತ್ತು ಮಳೆ ಎಂದು ಹೇಳಿ, ಇಡೀ ಕ್ಲಾಸನ್ನು ಹೊರಗೆ ಕರೆದುಕೊಂಡು ಹೋದರು. ರಸ್ತೆ ಬದಿಯಲ್ಲಿ ಕಲ್ಲಿನಂತೆಯೇ ಕಾಣುವ ಒಂದು ಉಂಡೆಯನ್ನು ಕಿತ್ತು ಆ ಹುಡುಗಿಯ ಕೈಗೆ ಕೊಟ್ಟು, ಹಿಚುಕು ಎಂದರು. ಅದು ಹಳೇ ರೊಟ್ಟಿಯ ಹಾಗೆ ಪುಡಿಯಾಯಿತು. ಒಳಗೊಳಗೇ ನೀರು ಇಳಿದು ಇಳಿದು ಕಲ್ಲು ಹೀಗೆ ಕೊಳೆಯುತ್ತದೆ, ಮೇಲಿನಿಂದ ನೋಡುವವರಿಗೆ ಗೊತ್ತಾಗುವುದಿಲ್ಲ ಎಂದು ವಿವರಿಸಿದರು. ಮಲ್ಲಂದೂರಿನ ಕಾಫಿ ತೋಟದಲ್ಲಿ ಹುಟ್ಟಿ ಬೆಳೆದ ನಾನೂ ಅವತ್ತು ಒಂದು ಉಂಡೆ ಹಿಚುಕಿ ನೋಡಿದೆ. ಮೂವತ್ತು ವರ್ಷ ಅದೇ ಮಣ್ಣಿನ ಮೇಲೆ ನಡೆದವಳಿಗೆ ನಾಚಿಕೆಯಾಯಿತು.

ಅದೇ ತಿಂಗಳು ಮಕ್ಕಳನ್ನು ದೇವರಮನೆ ಬೆಟ್ಟಕ್ಕೆ ಕರೆದುಕೊಂಡು ಹೋಗಿದ್ದೆವು. ಹುಲ್ಲುಗುಡ್ಡದ ನೆತ್ತಿಯಲ್ಲಿ ನಿಲ್ಲಿಸಿ, ಈ ಕಡೆ ಬಿದ್ದ ಹನಿ ಹೇಮಾವತಿ ಸೇರಿ ಬಂಗಾಳ ಕೊಲ್ಲಿಗೆ, ಆ ಕಡೆ ಬಿದ್ದದ್ದು ನೇತ್ರಾವತಿ ಸೇರಿ ಅರಬ್ಬೀ ಸಮುದ್ರಕ್ಕೆ ಎಂದು ತೋರಿಸಿದರು. ಹುಡುಗರು ಕೂಡಲೇ ಎರಡೂ ಕಡೆ ಉಗಿಯಲು ಶುರುಮಾಡಿದರು. ಅವರು ಗದರಲಿಲ್ಲ. "ಆ ಕಡೆ ಉಗಿದವ ಯಾರು? ಅದು ನಮ್ಮ ಮನೆ ಬಾಗಿಲಿಗೆ ಬರ್ತದೆ ಗೊತ್ತುಂಟಾ?" ಎಂದು ನಕ್ಕರು. ಆಮೇಲೆ ನಗು ನಿಲ್ಲಿಸಿ ತಮ್ಮ ಮನೆಯ ಕಥೆ ಹೇಳಿದರು. ಪ್ರತಿ ಮಳೆಗಾಲ ಕಡಲು ಸ್ವಲ್ಪ ಸ್ವಲ್ಪವೇ ಮುಂದೆ ಬಂದದ್ದು, ಮೊದಲು ಎರಡು ಸಾಲು ತೆಂಗು, ಮತ್ತೆ ಅಂಗಳ, ಮತ್ತೆ ಬಾವಿ ಹೋದದ್ದು. ಬಾವಿ ಹೋದ ವರ್ಷ ಅವರ ಅಪ್ಪ, ಕಡಲು ಇಷ್ಟಕ್ಕೇ ನಿಲ್ಲುತ್ತದೆ ಎಂದು ಹಠ ಹಿಡಿದು ಅಡುಗೆಮನೆಯಲ್ಲೇ ಮಲಗಿದ್ದರಂತೆ. ಗೋಡೆ ಬಿದ್ದು ಅವರ ಸೊಂಟ ಮುರಿಯಿತು. ಆಮೇಲೆ ಅವರು ಏಳಲಿಲ್ಲ... ಇದನ್ನೂ ಟೀಚರ್ ಪಾಠದ ಹಾಗೆಯೇ ಹೇಳಿದರು.

ಬೇಸಿಗೆ ರಜೆಯಲ್ಲಿ ಶಾಲೆಯ ಹಿಂದೆ ಜೆಸಿಬಿ ಬಂತು. ಎರಡು ಹೊಸ ಕೊಠಡಿ ಬೇಕಿತ್ತು, ಜಾಗ ಇರಲಿಲ್ಲ. ಹಿಂದಿನ ಗುಡ್ಡವನ್ನು ನೆಟ್ಟಗೆ ಗೋಡೆಯ ಹಾಗೆ ಕಡಿದು ಜಾಗ ಮಾಡಿದರು. ಹಾಗೆ ಕಡಿದ ಗುಡ್ಡದ ಬದಿಯನ್ನು ನಾವು ಧರೆ ಅನ್ನುತ್ತೇವೆ. ನಮ್ಮಲ್ಲಿ ಎಲ್ಲರ ಮನೆಯ ಹಿಂದೆಯೂ ಒಂದು ಧರೆ ಇರುತ್ತದೆ, ಯಾರೂ ಅದನ್ನು ಎರಡನೇ ಸಲ ನೋಡುವುದಿಲ್ಲ. ಟೀಚರ್ ನೋಡಿದರು. ಮೇಲೆ ಆಳುದ್ದ ಕೆಂಪು ಮಣ್ಣು, ಅದರ ಕೆಳಗೆ ಬಿಳಿಚಿಕೊಂಡ ಶೇಡಿ ಮಣ್ಣಿನ ಪಟ್ಟಿ, ಅದರ ಕೆಳಗೆ ಕಲ್ಲು. ಶೇಡಿಯನ್ನು ಬೆರಳಲ್ಲಿ ತೀಡಿ ನನಗೆ ತೋರಿಸಿದರು. "ಒಣಗಿದಾಗ ಗೋಡೆಗೆ ಬಳಿಯುವ ಸುಣ್ಣದ ಹಾಗೆ. ನೀರು ಕುಡೀಲಿ, ಆಗ ನೋಡಿ. ಸಾಬೂನು."

ಶಾಲಾ ಸಮಿತಿಯ ಸಭೆಯಲ್ಲಿ ಎದ್ದು ಮಾತಾಡಿದವರು ಅವರೊಬ್ಬರೇ. ಸಮಿತಿಯ ಅಧ್ಯಕ್ಷರು ಮೂರೆಕರೆ ಕಾಫಿ ಇದ್ದ ಸಣ್ಣ ಬೆಳೆಗಾರರು. ಶಾಲೆಗಾಗಿ ಓಡಾಡಿದವರು, ಒಳ್ಳೆಯವರೇ. ಅವರ ಮಗಳೂ ನಮ್ಮಲ್ಲೇ ಓದುತ್ತಿದ್ದಳು. "ನಮ್ಮಜ್ಜನ ಕಾಲದಿಂದ ಈ ಗುಡ್ಡ ಹಿಂಗೇ ಇದೆ ಟೀಚರ್. ನೀವು ಕಡಲ ಕಡೆಯೋರು, ನಿಮಗೆ ಗುಡ್ಡದ ಗುಣ ಗೊತ್ತಿಲ್ಲ" ಎಂದರು.

"ನಿಮ್ಮಜ್ಜನ ಕಾಲದಲ್ಲಿ ಇದರ ಕಾಲು ಕಡಿದಿರ್ಲಿಲ್ಲ" ಎಂದರು ಟೀಚರ್.

ಸಭೆ ಮುಗಿಯಿತು. ಕೊಠಡಿ ಎದ್ದಿತು. ಕಲ್ಲಿನ ಮೇಲೆ ಹೆಸರು ಕೆತ್ತಿಸಿ ಉದ್ಘಾಟನೆಯೂ ಆಯಿತು.

ಆ ವರ್ಷ ಜುಲೈ ಕೊನೆಯ ಪುಷ್ಯ ಮಳೆ ಒಂದೇ ಸಮನೆ ಹೊಡೆಯಿತು. ಟೀಚರ್ ಧರೆಯ ಮೇಲಿನ ಗುಡ್ಡ ಹತ್ತಿ ನೋಡಿ ಬಂದರು. ಅಂಚಿನಿಂದ ಸ್ವಲ್ಪ ಹಿಂದೆ, ತರಗೆಲೆಯ ಕೆಳಗೆ, ನೆಲ ಒಂದು ಬೆರಳಗಲ ಬಿರಿದಿತ್ತು. ಬಿರುಕಿನ ಎರಡೂ ಕಡೆ ಕಾಫಿ ಗಿಡದ ಗೂಟ ಹೊಡೆದು, ನಡುವಿನ ದೂರವನ್ನು ದಿನಾ ಸ್ಕೇಲಿನಿಂದ ಅಳೆದು ನೋಟ್‌ಬುಕ್ಕಿನಲ್ಲಿ ಬರೆಯತೊಡಗಿದರು. ಒಂದು ಬೆರಳು ಎರಡಾಯಿತು. ಎರಡು ಮೂರಾದ ದಿನ ಪೇಟೆಗೆ ಹೋಗಿ ಎರಡು ಹೊಸ ಬೀಗ ತಂದು, ಎರಡೂ ಕೊಠಡಿಗಳಿಗೆ ಜಡಿದು, ಮಕ್ಕಳನ್ನು ಸೈಕಲ್ ಸ್ಟ್ಯಾಂಡಿನಲ್ಲಿ ಕೂರಿಸಿ ಪಾಠ ಶುರುಮಾಡಿದರು.

ಹೆಡ್‌ಮಾಸ್ಟರು ಕೊಡೆ ಹಿಡಿದು ಅಲ್ಲಿಗೇ ಬಂದರು. "ಸರ್ಕಾರಿ ಕೊಠಡಿಗೆ ಬೀಗ ಹಾಕೋ ಅಧಿಕಾರ ನಿಮಗೆ ಯಾರು ಕೊಟ್ಟರು?"

"ಯಾರೂ ಕೊಡ್ಲಿಲ್ಲ ಸರ್. ಅದಕ್ಕೇ ಬೀಗ ನಾನೇ ಅಂಗಡಿಯಿಂದ ತಂದೆ."

"ಮೆಮೊ ಕೊಡಬೇಕಾಗುತ್ತೆ."

"ಕೊಡಿ, ತಕ್ಕೊಳ್ತೇನೆ. ಮಕ್ಕಳನ್ನು ಮಾತ್ರ ಆ ಗೋಡೆ ಬುಡಕ್ಕೆ ಕಳಿಸುದಿಲ್ಲ."

ಮಕ್ಕಳೆಲ್ಲ ಕೇಳಿಸಿಕೊಂಡರು. ಹೆಡ್‌ಮಾಸ್ಟರಿಗೆ ಸಹಿಸಲಾಗದ್ದು ಅದೇ ಇರಬೇಕು.

ಮೆಮೊ ಬಂತು. ಅದರ ಜೊತೆಗೆ ಸಿಬ್ಬಂದಿಯೆಲ್ಲ ಸಹಿ ಹಾಕಬೇಕಾದ ಇನ್ನೊಂದು ಕಾಗದವೂ ತಯಾರಾಯಿತು. ಸದರಿ ಕೊಠಡಿಗಳು ಸುಭದ್ರವಾಗಿರುತ್ತವೆ, ಸದರಿ ಶಿಕ್ಷಕಿಯವರು ಮಕ್ಕಳಲ್ಲಿ ಅನಗತ್ಯ ಭೀತಿಯನ್ನು ಉಂಟುಮಾಡುತ್ತಿರುತ್ತಾರೆ ಎಂದು ಅದರಲ್ಲಿತ್ತು. ನನ್ನ ಪ್ರೊಬೇಷನ್ ಮುಗಿದಿರಲಿಲ್ಲ. ಹೆಡ್‌ಮಾಸ್ಟರು ಪೆನ್ನು ಮುಂದೆ ಹಿಡಿದು, "ನಿಮ್ಮ ಫೈಲೂ ನನ್ನ ಕೈಯಿಂದಲೇ ಹೋಗಬೇಕಲ್ಲ ಮೇಡಂ" ಎಂದರು, ತುಂಬ ಮೃದುವಾಗಿ. ನಾನು ಆ ಬಿರುಕನ್ನು ಕಣ್ಣಾರೆ ಕಂಡಿದ್ದೆ. ಶೇಡಿ ಮಣ್ಣನ್ನು ಬೆರಳಲ್ಲಿ ತೀಡಿ ನೋಡಿದ್ದೆ. ಆದರೂ ಸಹಿ ಹಾಕಿದೆ.

ಸಂಜೆ ಮನೆಗೆ ಬಂದರೆ ಟೀಚರ್ ಗಂಜಿ ಬಸಿಯುತ್ತಿದ್ದರು. ಅವರಿಗೆ ಆಗಲೇ ಗೊತ್ತಾಗಿತ್ತು. ತಿರುಗಿ ನೋಡದೆ ಕೇಳಿದರು.

"ಎಷ್ಟನೇ ಸಹಿ ನಿಮ್ಮದು?"

"ಮೂರನೇದು ಟೀಚರ್."

"ಕನ್ನಡದಲ್ಲಿ ಹಾಕಿದ್ರಾ?"

"ಹೌದು..."

"ಹಾಗಾದ್ರೆ ಚೆಂದ ಬಂದಿರ್ತದೆ. ಕೈ ತೊಳೀರಿ, ಊಟ ಮಾಡುವ."

ಬೈದಿದ್ದರೆ ಅತ್ತು ಹಗುರಾಗುತ್ತಿದ್ದೆ. ಅವರು ಬೈಯಲಿಲ್ಲ. ನನ್ನ ತಟ್ಟೆಗೆ ಉಪ್ಪಿನಕಾಯಿ ಬಡಿಸಿದರು.

ಆ ವರ್ಷ ಧರೆ ಜರಿಯಲಿಲ್ಲ. ಮಳೆ ಕಡಿಮೆಯಾಯಿತು, ಬಿಸಿಲು ಬಂತು, ಬೀಗ ಒಡೆಸಿದರು, ಮಕ್ಕಳು ಒಳಗೆ ಕೂತರು. ಸಂತೆಯಲ್ಲಿ, ಬಸ್ಸಿನಲ್ಲಿ, ಕಾಫಿ ಕಣದಲ್ಲಿ ಅವರಿಗೆ ಹೊಸ ಹೆಸರು ಹುಟ್ಟಿತು, ಧರೆ ಟೀಚರ್. ಅಂಗಡಿಯಲ್ಲಿ ಅವರ ಎದುರಿಗೇ ಯಾರೋ, "ಟೀಚರ್, ಇವತ್ತು ನಮ್ಮ ಮನೆ ಧರೆ ಹೆಂಗಿದೆ ಮಾರಾಯ್ತಿ, ಬೀಳುತ್ತಾ?" ಎಂದು ಕೇಳಿದರು. "ಬರ್ತೇನೆ, ಸ್ಕೇಲ್ ತರ್ತೇನೆ" ಎಂದರು. ಮತ್ತು ನಿಜವಾಗಿಯೂ ಹೋದರು! ಆ ಮನೆಯ ಹಿಂದೆ ಮುಕ್ಕಾಲು ಗಂಟೆ ತಿರುಗಾಡಿ, ನೀರು ಹರಿದುಹೋಗಲು ಮೇಲ್ಗಡೆ ಒಂದು ಕಾಲುವೆ ತೆಗೆಯಬೇಕು ಎಂದು ಜಾಗ ಗುರುತು ಮಾಡಿಕೊಟ್ಟು ಬಂದರು. ತಮಾಷೆ ಮಾಡಿದವರು ಚಹಾ ಮಾಡಿಕೊಟ್ಟರಂತೆ.

ಸೆಪ್ಟೆಂಬರಿನಲ್ಲಿ ಅವರನ್ನು ಕಡೂರು ಕಡೆಯ ಬಯಲುಸೀಮೆ ಶಾಲೆಗೆ ಕಳಿಸುವ ಆದೇಶ ಬಂತು. ಸೇವಾ ಪುಸ್ತಕದಲ್ಲಿ ಅಶಿಸ್ತು ಎಂಬ ಷರಾ ಬಿತ್ತು. ಬೀಳ್ಕೊಡುವಾಗ ಅಧ್ಯಕ್ಷರು, "ಅಲ್ಲಿ ಗುಡ್ಡವೇ ಇಲ್ಲ ಟೀಚರ್, ಆರಾಮಾಗಿರಿ" ಎಂದರು. "ಗುಡ್ಡ ಇಲ್ಲದಿದ್ರೆ ಗಾಳಿ ಉಂಟು. ಅದೂ ಮಣ್ಣು ಹೊತ್ತುಕೊಂಡು ಹೋಗ್ತದೆ. ಅಲ್ಲಿಗೂ ಪಾಠ ಉಂಟು" ಎಂದು ಬಸ್ಸು ಹತ್ತಿದರು. ಹತ್ತುವ ಮೊದಲು ಆ ನೋಟ್‌ಬುಕ್ಕನ್ನು ನನ್ನ ಕೈಗಿಟ್ಟರು. "ಸಹಿ ಹಾಕಿದ್ದಕ್ಕೆ ನನಗೆ ಸಿಟ್ಟಿಲ್ಲ. ಅಳೆಯುದು ನಿಲ್ಲಿಸಿದ್ರೆ ಸಿಟ್ಟು ಬರ್ತದೆ."

ಮುಂದಿನ ಮಳೆಗಾಲ ನಾನು ಗುಡ್ಡ ಹತ್ತಿದ್ದು ನಾಚಿಕೆಯಿಂದ. ನಂಬಿಕೆಯಿಂದ ಹತ್ತಿದೆ ಎಂದರೆ ಸುಳ್ಳಾಗುತ್ತದೆ. ಯಾರೂ ನೋಡದ ಹೊತ್ತಿನಲ್ಲಿ ಹೋಗುತ್ತಿದ್ದೆ. ಜೂನ್ ಪೂರ್ತಿ ಏನೂ ಆಗಲಿಲ್ಲ. ಪುನರ್ವಸು ಕಳೆಯಿತು, ಪುಷ್ಯವೂ ಕಳೆಯಿತು. ಆಶ್ಲೇಷ ಮಳೆ ಹಿಡಿದದ್ದು ಬಿಡಲಿಲ್ಲ. ಶಾಲೆಗೆ ರಜೆಯ ಮೇಲೆ ರಜೆ. ಕೊನೆಗೊಂದು ದಿನ ಮೋಡ ಹರಿದು ಬಿಸಿಲು ಬಂತು, ಶಾಲೆ ತೆರೆಯಿತು. ಊರೆಲ್ಲ ಬಟ್ಟೆ ಒಣಗಿಸುವ ಸಂಭ್ರಮದಲ್ಲಿತ್ತು. ಮಳೆ ನಿಂತ ಮೇಲೇ ಹೆದರಬೇಕು, ಮೇಲಿನ ನೀರೆಲ್ಲ ಆಗ ಒಳಗೆ ಇಳಿಯುತ್ತಿರುತ್ತದೆ ಎಂದು ಟೀಚರ್ ಹೇಳಿದ್ದು ನೆನಪಾಗಿ ನಾನು ಪ್ರಾರ್ಥನೆ ಮುಗಿದ ಕೂಡಲೇ ಗುಡ್ಡಕ್ಕೆ ಹೋದೆ.

ಸ್ಕೇಲು ಸಾಲಲಿಲ್ಲ. ಬಿರುಕಿನೊಳಗೆ ನನ್ನ ಕಾಲು ಹೋಗುವಷ್ಟು ಜಾಗವಿತ್ತು. ಅಂಚಿನ ಹಲಸಿನ ಮರ ಕೊಠಡಿಗಳ ಕಡೆ ವಾಲಿತ್ತು. ಕೆಳಗಿಳಿದು ನೋಡಿದರೆ ಧರೆಯ ಬುಡದಲ್ಲಿ ಹೊಸದಾಗಿ ಜಲ ಒಡೆದಿತ್ತು. ಮಳೆಗಾಲದಲ್ಲಿ ನಮ್ಮ ಕಡೆ ನೆಲದಿಂದ ಹೀಗೆ ನೀರು ಉಕ್ಕುವುದು ಮಾಮೂಲು. ಆದರೂ ನಿಂತಲ್ಲೇ ಟೀಚರಿಗೆ ಫೋನ್ ಮಾಡಿದೆ. ಅವರು ಕ್ಲಾಸಿನಲ್ಲಿದ್ದರು. ನಮಸ್ಕಾರ ಕೂಡ ಹೇಳಲಿಲ್ಲ.

"ನೀರಿನ ಬಣ್ಣ ಎಂತದು?"

"ಬೇರೆ ಕಡೆ ಒಡೆದದ್ದು ತಿಳಿಯಾಗಿದೆ. ಇದು ಕೆಂಪಗೆ, ಚಹಾದ ಹಾಗಿದೆ ಟೀಚರ್."

"ಹಾಗಾದ್ರೆ ಒಳಗೆ ಮಣ್ಣು ಹೊರಟಿದೆ. ನನ್ನ ಹತ್ರ ಮಾತಾಡಬೇಡಿ. ಫೋನ್ ಇಡಿ, ಮಕ್ಕಳನ್ನು ಹೊರಗೆ ಹಾಕಿ."

ಹೆಡ್‌ಮಾಸ್ಟರ ಕೋಣೆಗೆ ಓಡಿದೆ. ಅವರು ಏನೋ ಬರೆಯುತ್ತಿದ್ದರು. ಹೇಳಿದ್ದನ್ನು ಕೇಳಿ ಕನ್ನಡಕ ತೆಗೆದಿಟ್ಟರು. "ಕೊಠಡಿ ಭದ್ರವಾಗಿದೆ ಅಂತ ಹೋದ ವರ್ಷ ನೀವೇ ಸಹಿ ಹಾಕಿದ್ದೀರಲ್ಲ ಮೇಡಂ?"

"ಹಾಕಿದ್ದೆ ಸರ್. ಸುಳ್ಳಿಗೆ ಸಹಿ ಹಾಕಿದ್ದೆ."

"ಹಾಗಿದ್ದರೆ ಈಗ ಹೇಳಿದ್ದನ್ನ ಬರೆದುಕೊಡಿ."

ನಾನು ಹೊರಗೆ ಬಂದು, ಜಗಲಿಯಲ್ಲಿ ತೂಗುಹಾಕಿದ್ದ ಕಬ್ಬಿಣದ ಕಂಬಿಗೆ ಸುತ್ತಿಗೆಯಿಂದ ಹೊಡೆಯತೊಡಗಿದೆ. ಶಾಲೆ ಬಿಡುವ ಉದ್ದ ಗಂಟೆ. ಮಕ್ಕಳು ನಗುತ್ತ, ನೂಕಾಡುತ್ತ ಹೊರಗೆ ಬಂದರು. ಹೊಸ ಕೊಠಡಿಗಳಲ್ಲಿ ಅರವತ್ತು ಮಕ್ಕಳಿದ್ದರು. ಚೀಲ ಬಿಟ್ಟು ಬನ್ನಿ, ರಸ್ತೆ ದಾಟಿ, ಕಣಕ್ಕೆ ಓಡಿ ಎಂದು ಕೂಗಿದೆ. ನನ್ನ ಧ್ವನಿ ಅಷ್ಟು ದೊಡ್ಡದು ಎಂದು ನನಗೇ ಗೊತ್ತಿರಲಿಲ್ಲ. ರಸ್ತೆಯ ಆಚೆ ಕಾಫಿ ಒಣಗಿಸುವ ಕಣ ಅಧ್ಯಕ್ಷರದ್ದೇ. ಅವರು ಹೊರಗೆ ಬಂದು, "ಎಂತ ಮೇಡಂ ಇದು, ಆ ಟೀಚರ್ ಹೋದ್ರು ಅಂದ್ರೆ ಈಗ ನೀವು ಶುರು ಮಾಡಿದ್ರಾ?" ಎಂದರು. ನಾನು ತಲೆ ಎಣಿಸುತ್ತಿದ್ದೆ. ಎರಡು ಸಲ ಎಣಿಸಿದೆ. ಹೆಡ್‌ಮಾಸ್ಟರೂ ಕೊನೆಗೆ ಬಿಸಿಲಿಗೆ ಕೊಡೆ ಹಿಡಿದು ಹೊರಗೆ ಬಂದು ರಸ್ತೆಯಲ್ಲಿ ನಿಂತರು, ನನ್ನನ್ನು ಗದರಲೆಂದೇ ಇರಬೇಕು.

ಗದರುವ ಮೊದಲೇ ಅದು ಬಂತು. ದೊಡ್ಡ ಸ್ಫೋಟದ ಸದ್ದು ಇರುತ್ತದೆ ಎಂದುಕೊಂಡಿದ್ದೆ. ಹಾಗಿರಲಿಲ್ಲ. ಮೊದಲು ಬೇರುಗಳು ಹರಿಯುವ ಸದ್ದು, ಹೊಸ ಬಟ್ಟೆ ಹರಿದ ಹಾಗೆ. ಹಲಸಿನ ಮರ ನಿಂತ ನಿಲುವಿನಲ್ಲೇ, ಬೀಳದೆ, ಮುಂದಕ್ಕೆ ಬಂತು. ಮರವೊಂದು ನಡೆದು ಬರುವುದನ್ನು ನಾನು ಅವತ್ತು ನೋಡಿದೆ. ಅದರ ಹಿಂದೆ ಇಡೀ ಗುಡ್ಡದ ಮುಖ ಕೆಂಪು ಗಂಜಿಯಾಗಿ ಇಳಿದು ಎರಡೂ ಕೊಠಡಿಗಳ ಮೇಲೆ ಕೂತಿತು. ಹೆಸರು ಕೆತ್ತಿದ ಕಲ್ಲು ಎಲ್ಲಿ ಹೋಯಿತೋ, ಆಮೇಲೂ ಸಿಗಲಿಲ್ಲ. ಯಾವ ಮಗುವೂ ಅಳಲಿಲ್ಲ, ಮೊದಲು. ಅಧ್ಯಕ್ಷರು ಕಣದ ಮೇಲೆ ಹಾಗೇ ಕುಸಿದು ಕೂತು, ಒಂಬತ್ತನೇ ಕ್ಲಾಸಿನಲ್ಲಿದ್ದ ಮಗಳ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಬಹಳ ಹೊತ್ತು ಬಿಡಲಿಲ್ಲ.

ಮರುದಿನ ಟೀಚರ್ ಕಡೂರಿನಿಂದ ಮೊದಲ ಬಸ್ಸು ಹಿಡಿದು ಬಂದರು. ಅದೇ ಗಂಬೂಟು. ಜನ ದಾರಿ ಬಿಟ್ಟರು. ನಾನು ಹೇಳಿರಲಿಲ್ಲವೇ ಎಂಬ ಮಾತು ಬರುತ್ತದೆ ಎಂದು ಎಲ್ಲರೂ ಕಾದರು. ಅವರು ಮಣ್ಣಿನ ರಾಶಿಯನ್ನು ದೂರದಿಂದ ಒಂದು ಸುತ್ತು ನೋಡಿದರು. ಆಮೇಲೆ ಮಕ್ಕಳನ್ನು ಕಣದಲ್ಲಿ ಸಾಲಾಗಿ ನಿಲ್ಲಿಸಿ ಗಾಯದ ಹಾಗೆ ತೆರೆದುಕೊಂಡಿದ್ದ ಗುಡ್ಡದ ಕಡೆ ಕೋಲು ಚಾಚಿ ಪಾಠ ಶುರುಮಾಡಿದರು. ಮೇಲೆ ಕೆಂಪು ಮಣ್ಣು. ಆ ಬಿಳಿ ಪಟ್ಟಿ ಶೇಡಿ, ಜಾರಿದ್ದು ಅದರ ಮೇಲಿಂದ. ಈ ಗುಡ್ಡಕ್ಕೆ ನಿಮ್ಮ ಮೇಲೆ ದ್ವೇಷ ಇಲ್ಲ, ಅದು ಕೋಟಿ ವರ್ಷದಿಂದ ಇಳಿಯುತ್ತಲೇ ಇದೆ, ಕಾಲು ಕಡಿದದ್ದರಿಂದ ನಿನ್ನೆ ಒಂದೇ ದಿನಕ್ಕೆ ಇಳಿಯಿತು ಎಂದರು. ಮಕ್ಕಳ ಹಿಂದೆ ಊರಿನ ದೊಡ್ಡವರೂ ನಿಂತು ಕೇಳಿದರು.

ಅಧ್ಯಕ್ಷರು ಕೈ ಮುಗಿದು ಬಂದರು. "ತಪ್ಪಾಯ್ತು ಟೀಚರ್."

"ನನ್ನ ಹತ್ರ ಹೇಳಿ ಎಂತ ಪ್ರಯೋಜನ? ಬರ್ದು ಕೊಡಿ" ಎಂದರು ಟೀಚರ್.

ಅಧ್ಯಕ್ಷರು ಬರೆದುಕೊಟ್ಟರು. ನಾನೂ ಬರೆದುಕೊಟ್ಟೆ. ಹೆಡ್‌ಮಾಸ್ಟರು ಬರೆಯಲಿಲ್ಲ. ಅವರು ಮರುವರ್ಷ ನಿವೃತ್ತರಾದರು.

ದೇವರ ದಯೆಯಿಂದ ಅನಾಹುತ ತಪ್ಪಿತು ಎಂದು ಎಲ್ಲರೂ ಹೇಳಿದರು. ಕೆಲವು ತಿಂಗಳ ನಂತರ ಟೀಚರನ್ನು ಒಂದು ಸಮಾರಂಭಕ್ಕೆ ಕರೆದು ಸನ್ಮಾನ ಮಾಡಲು ಹೊರಟರು. ಶಾಲು, ಹಾರ, ಹಣ್ಣಿನ ಬುಟ್ಟಿ. ನಾನೂ ಹೋಗಿದ್ದೆ. ಅಧಿಕಾರಿಯೊಬ್ಬರು ಶಾಲು ಬಿಡಿಸಿ ಹೊದಿಸಲು ಬಂದಾಗ ಟೀಚರ್ ಒಂದು ಹೆಜ್ಜೆ ಹಿಂದೆ ಸರಿದು, ಮೈಕಿನ ಹತ್ತಿರವೇ ಹೇಳಿಬಿಟ್ಟರು: "ಶಾಲು ಬೇಡ ಸರ್. ನನ್ನ ಸೇವಾ ಪುಸ್ತಕದಲ್ಲಿ ಅಶಿಸ್ತು ಅಂತ ಬರೆದದ್ದು ಇನ್ನೂ ಉಂಟು. ಅದನ್ನು ಹೊಡೆದು ಹಾಕಿ. ಅಷ್ಟು ಸಾಕು." ಅಧಿಕಾರಿ ಶಾಲನ್ನು ಮಡಚುವುದೋ ಹೊದಿಸುವುದೋ ತಿಳಿಯದೆ ನಿಂತರು. ಹಣ್ಣಿನ ಬುಟ್ಟಿಯನ್ನು ಮಾತ್ರ ಟೀಚರ್ ತೆಗೆದುಕೊಂಡು, ಹೊರಗೆ ಕೂತಿದ್ದ ಮಕ್ಕಳಿಗೆ ಹಂಚಿ ಬಸ್ಸು ಹತ್ತಿದರು.

ಆ ಒಂದು ಸಾಲಿಗಾಗಿ ನಿವೃತ್ತಿಯವರೆಗೂ ಅರ್ಜಿ ಬರೆದರು. ನಿವೃತ್ತಿಯ ನಂತರವೂ ಬರೆದರು. ಹೇಗೂ ಪಿಂಚಣಿಗೆ ತೊಂದರೆಯಿಲ್ಲವಲ್ಲ, ಯಾಕೆ ಹಠ ಎಂದು ಎಲ್ಲರೂ ಕೇಳುತ್ತಿದ್ದರು. ನಾನೂ ಒಮ್ಮೆ ಕೇಳಿದೆ, ಅವರ ಊರಿಗೆ ಹೋಗಿದ್ದಾಗ. ಕಡಲ ದಂಡೆಗೆ ಹಾಕಿದ್ದ ಕಲ್ಲಿನ ಮೇಲೆ ಇಬ್ಬರೂ ಕೂತಿದ್ದೆವು. ಅಲೆಗಳ ನಡುವೆ ಒಂದು ಜಾಗ ತೋರಿಸಿ, ನಮ್ಮ ಬಾವಿ ಇದ್ದದ್ದು ಅಲ್ಲಿ ಎಂದಿದ್ದರು. ನನ್ನ ಪ್ರಶ್ನೆಗೂ ಅತ್ತಲೇ ನೋಡುತ್ತ ಹೇಳಿದರು.

"ಗುಡ್ಡ ಇಳಿಯುದನ್ನು ನನ್ನಿಂದ ನಿಲ್ಲಿಸ್ಲಿಕ್ಕೆ ಆಗುದಿಲ್ಲ. ಕಡಲು ಬರುದನ್ನೂ ಆಗುದಿಲ್ಲ. ಆದ್ರೆ ನಾಳೆ ಇನ್ನೊಬ್ಬ ಟೀಚರ್ ಬೀಗ ಹಾಕ್ಲಿಕ್ಕೆ ಹೋಗುವಾಗ ಅವಳಿಗೆ ನನ್ನ ಆ ಪುಟ ತೋರಿಸ್ತಾರೆ. ನೋಡು, ಹೀಗೆ ಮಾಡಿದವಳಿಗೆ ಹೀಗೆ ಬರೆದಿದ್ದೇವೆ ಅಂತ. ಅದಕ್ಕೆ ಅದು ಹೋಗ್ಬೇಕು."

ಎರಡು ವರ್ಷದ ಹಿಂದೆ, ಮಳೆಗಾಲ ಶುರುವಾಗುವ ಮೊದಲು, ಟೀಚರ್ ತೀರಿಕೊಂಡರು. ಶ್ವಾಸಕೋಶದ ಕಾಯಿಲೆ. ನನಗೆ ಸುದ್ದಿ ಮುಟ್ಟುವಾಗ ಎಲ್ಲ ಮುಗಿದಿತ್ತು. ಈಗಲೂ ಆಶ್ಲೇಷ ಮಳೆಯಲ್ಲಿ ಜಲ ಒಡೆದರೆ, ಅದರ ಬಣ್ಣ ನೋಡಿದ ಕೂಡಲೇ ಕೈ ಫೋನಿಗೆ ಹೋಗುತ್ತದೆ... ಆ ನಂಬರು ಇನ್ನೂ ಅಳಿಸಿಲ್ಲ.

ನಾನೀಗ ಬೇರೊಂದು ಶಾಲೆಯಲ್ಲಿ ಹೆಡ್‌ಮಿಸ್ಟ್ರೆಸ್. ಅವರ ಅರ್ಜಿಯನ್ನು ನಾನು ಮುಂದುವರಿಸಿದೆ. ಸಂಬಂಧಪಟ್ಟವರು ಮೃತರಾಗಿರುವುದರಿಂದ ಕಡತವನ್ನು ಮುಕ್ತಾಯಗೊಳಿಸಲಾಗಿದೆ ಎಂದು ಹೋದ ತಿಂಗಳು ಉತ್ತರ ಬಂತು. ಆ ಉತ್ತರವನ್ನು ಹಿಡಿದುಕೊಂಡೇ ಕಚೇರಿಗೆ ಹೋದೆ. ಕಡತ ತೆರೆಯಲು ಮರು ಅರ್ಜಿ ಕೊಡಬೇಕು, ಅದನ್ನು ರಕ್ತ ಸಂಬಂಧಿಗಳು ಕೊಟ್ಟರೆ ಒಳ್ಳೆಯದು ಎಂದರು ಗುಮಾಸ್ತರು. ಹೊಸಬರು, ಎಳೆಯ ವಯಸ್ಸಿನವರು. ಫಾರಂ ಎದುರಿಗೆ ಇಟ್ಟುಕೊಂಡು ಪೆನ್ನು ಎತ್ತಿ ಕೇಳಿದರು.

"ಅವರು ನಿಮಗೆ ಏನಾಗಬೇಕು ಮೇಡಂ?"

ಸಹೋದ್ಯೋಗಿ ಅನ್ನಬಹುದಿತ್ತು. ಒಂದೇ ಮನೆಯಲ್ಲಿ ಉಂಡವರು ಅನ್ನಬಹುದಿತ್ತು.

"ಅವರ ವಿರುದ್ಧ ಸುಳ್ಳು ಸಹಿ ಹಾಕಿದ ಮೂರನೆಯವಳು ನಾನು. ಸಂಬಂಧದ ಕಾಲಂನಲ್ಲಿ ಹಾಗೇ ಬರೀರಿ" ಎಂದೆ.

ಗುಮಾಸ್ತರು ತಲೆಯೆತ್ತಿ ನನ್ನ ಮುಖ ನೋಡಿದರು. ಅಂಥ ಕಾಲಂ ಇಲ್ಲ ಮೇಡಂ ಎನ್ನಲು ಬಾಯಿ ತೆರೆದವರು, ಹಾಗೆನ್ನಲಿಲ್ಲ. ಪಕ್ಕದ ಕುರ್ಚಿಯನ್ನು ಎಳೆದು ನನ್ನ ಕಡೆ ತಿರುಗಿಸಿ, "ಕೂತ್ಕೊಳ್ಳಿ, ಮೊದಲಿಂದ ಹೇಳಿ" ಎಂದರು.

ನಾನು ಕೂತೆ.